ತಂತಿಯ ಹಂಗು

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯಾಗಿ ನಾನು ಕಳೆದ ದಿನಗಳಲ್ಲಿ ಇಂದಿಗೂ ಮಾಸದೆ ಉಳಿದಿರುವುದು ಒಂದೇ ಒಂದು ಪ್ರಯೋಗ. ಮೇಜಿನ ಮೇಲೆ ತಾಮ್ರದ ತಂತಿಯ ಎರಡು ಸುರುಳಿಗಳು. ಒಂದಕ್ಕೂ ಇನ್ನೊಂದಕ್ಕೂ ಯಾವ ಜೋಡಣೆಯೂ ಇಲ್ಲ. ಮೊದಲನೆಯದರ ಗುಂಡಿಯನ್ನು ಅದುಮಿದರೆ ಎರಡನೆಯದಕ್ಕೆ ಕಟ್ಟಿದ ಗಾಲ್ವನೋಮೀಟರಿನ ಮುಳ್ಳು ಬೆಚ್ಚಿಬಿದ್ದಂತೆ ಒಮ್ಮೆ ಅಲುಗಿ ಸುಮ್ಮನಾಗುತ್ತಿದ್ದಿತು. ಗುಂಡಿಯನ್ನು ಬಿಟ್ಟರೆ ಎದುರು ದಿಕ್ಕಿಗೆ ಅಲುಗುತ್ತಿದ್ದಿತು. ನಮ್ಮ ಉಪಾಧ್ಯಾಯರು ಸುರುಳಿಗಳ ನಡುವೆ ಒಂದು ಕಾಗದದ ಹಾಳೆಯನ್ನು ಆಡಿಸಿ, "ನಡುವೆ ಏನೂ ಇಲ್ಲ, ನೋಡಿಕೊಳ್ಳಿ" ಎನ್ನುತ್ತಿದ್ದರು. ಪರೀಕ್ಷೆಗೆ ಬೇಕಾದಷ್ಟನ್ನು ಬರೆದುಕೊಂಡು ನಾವು ಮನೆಗೆ ಹೋದೆವು. ಮುಳ್ಳಿನ ಆ ಅಲುಗಾಟ ಮುಂದೊಂದು ದಿನ ಮೋಟಾರು ಕಾರನ್ನು ಓಡಿಸುವ ಮಾತಾದೀತೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ.

ಆ ಮಾತು ಈಗ ಪೇಟೆಗೆ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ, ಮ್ಯೂನಿಕ್ ನಗರದ ಮೋಟಾರು ಪ್ರದರ್ಶನದ ವೇಳೆಗೆ, ಜರ್ಮನಿಯ ಪೋರ್ಷೆ ಕಂಪನಿಯು ತನ್ನ ಕೇಯೆನ್ ವಿದ್ಯುತ್ ಕಾರಿಗೆ ತಂತಿಯಿಲ್ಲದೆ ಚಾರ್ಜು ತುಂಬುವ ಏರ್ಪಾಟನ್ನು ಹೊರಗೆಡಹಿತು. ನೆಲದ ಮೇಲೆ ಹಾಸುಗಲ್ಲಿನಂತಹ ಒಂದು ಫಲಕ. ಕಾರು ಅದರ ಮೇಲೆ ಬಂದು ನಿಂತು, ತಾನಾಗಿಯೇ ತುಸು ತಗ್ಗಿ, 11 ಕಿಲೋವಾಟ್ ಪ್ರಮಾಣದಲ್ಲಿ ವಿದ್ಯುತ್ತನ್ನು ಸೆಳೆದುಕೊಳ್ಳುತ್ತದೆ. ಅದಕ್ಕೂ ಮೊದಲು, 2023ರ ನವೆಂಬರಿನಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದವರು ತಮ್ಮ ಹದಿನಾಲ್ಕನೆಯ ಬೀದಿಯಲ್ಲಿ ಸುಮಾರು 400 ಮೀಟರು ಉದ್ದಕ್ಕೂ ರಸ್ತೆಯ ಒಡಲಿನಲ್ಲಿ ತಾಮ್ರದ ಸುರುಳಿಗಳನ್ನು ಹೂತು, ಮೇಲೆ ಓಡುವ ಗಾಡಿಗೆ ಓಡುತ್ತಿರುವಂತೆಯೇ ವಿದ್ಯುತ್ತನ್ನು ಉಣಿಸುವ ಪ್ರಯೋಗಕ್ಕೆ ತೊಡಗಿದರು. ಇಂಥ ಸುದ್ದಿಯನ್ನು ಓದಿದಾಗ ಮನಸ್ಸು ಪವಾಡವೊಂದನ್ನು ಕಂಡಂತೆ ಹಿಗ್ಗುವುದು ಸಹಜ. ಆದರೆ ವಿದ್ಯುತ್ತು ತಂತಿಯಿಲ್ಲದೆ ದಾಟಬಲ್ಲುದೆ ಎಂಬ ಪ್ರಶ್ನೆ ಎಂದೋ ಇತ್ಯರ್ಥವಾದುದು. ಅದು ಯಾರಿಗಾಗಿ ದಾಟಬೇಕು, ದಾಟಿಸುವ ವೆಚ್ಚವನ್ನು ಯಾರು ಹೊರಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈ ಲೇಖನದಲ್ಲಿ ನಾನು ವಿಚಾರಿಸಹೊರಟಿರುವುದು ಅದನ್ನು.

ಮೊದಲು ಇದರ ಮರ್ಮವನ್ನು ತಿಳಿಯೋಣ. ಇಂದು ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆಯಿದೆ. ಅದರ ಗಾಜಿನ ಹಾಸಿನ ಕೆಳಗೆ ಒಂದು ಸುರುಳಿಯುಂಟು. ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸಿ ಹರಿಯುತ್ತದೆ; ಅದರೊಡನೆ ಸುತ್ತಲಿನ ಕಾಂತಕ್ಷೇತ್ರವೂ ಹುಟ್ಟುತ್ತ ಅಳಿಯುತ್ತ ಇರುತ್ತದೆ; ಆ ಏರಿಳಿತ ಮೇಲಿಟ್ಟ ಪಾತ್ರೆಯ ಲೋಹದಲ್ಲಿ ವಿದ್ಯುತ್ತನ್ನು ಪ್ರೇರಿಸಿ ಅದನ್ನು ಕಾಯಿಸುತ್ತದೆ. ಪಾತ್ರೆಯ ಸ್ಥಾನದಲ್ಲಿ ಇನ್ನೊಂದು ಸುರುಳಿಯನ್ನು ಇಟ್ಟು, ಅದರಲ್ಲಿ ಹುಟ್ಟಿದ ವಿದ್ಯುತ್ತನ್ನು ಕಾಯುವುದಕ್ಕೆ ಬಿಡದೆ ಬ್ಯಾಟರಿಗೆ ಹರಿಯಿಸಿದರೆ, ಅದೇ ತಂತಿಯಿಲ್ಲದ ಚಾರ್ಜು. ಒಂದು ಸುರುಳಿ ನೆಲದಲ್ಲಿ, ಇನ್ನೊಂದು ಕಾರಿನ ಹೊಟ್ಟೆಯ ಕೆಳಗೆ. ನಡುವೆ ಒಂದು ಗೇಣಿಗಿಂತ ಕಡಿಮೆ ಗಾಳಿ.

ಆದರೆ ಈ ಗೇಣುದ್ದದ ಗಾಳಿ ಸಾಮಾನ್ಯವಾದುದಲ್ಲ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿಯೂ ಎರಡು ಸುರುಳಿಗಳಿವೆ. ಅಲ್ಲಿ ಅವನ್ನು ಕಬ್ಬಿಣದ ಒಂದೇ ತಿರುಳಿನ ಮೇಲೆ ಸುತ್ತಿರುವುದರಿಂದ ಕಾಂತಶಕ್ತಿ ಚೆಲ್ಲಿಹೋಗುವುದಿಲ್ಲ. ಗಾಳಿಯಲ್ಲಾದರೋ ಅದರ ಬಹುಭಾಗ ಆಚೀಚೆ ಹರಡಿಹೋಗುತ್ತದೆ. ಇದಕ್ಕೆ ಯಂತ್ರಜ್ಞರು ಕಂಡುಕೊಂಡ ಉಪಾಯ ಅನುರಣನ. ಉಯ್ಯಾಲೆಯ ಮೇಲೆ ಕುಳಿತ ಮಗುವನ್ನು ತಾಯಿ ಬಲವಾಗಿ ನೂಕಬೇಕಾಗಿಲ್ಲ. ಉಯ್ಯಾಲೆಯ ಲಯವನ್ನರಿತು ಸರಿಯಾದ ಗಳಿಗೆಯಲ್ಲಿ ಬೆರಳು ತಾಗಿಸಿದರೆ ಸಾಕು, ಅದು ಆಕಾಶಕ್ಕೇರುತ್ತದೆ. ಹಾಗೆಯೇ ಎರಡು ಸುರುಳಿಗಳನ್ನೂ ಒಂದೇ ಲಯಕ್ಕೆ ಶ್ರುತಿಮಾಡಿದರೆ, ಚೆದರಿದ ಕ್ಷೇತ್ರದಿಂದಲೂ ಹೇರಳವಾಗಿ ಶಕ್ತಿಯನ್ನು ಸೆಳೆಯಬಹುದು. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಲ್ಲಿ ಮಿಡಿಯುತ್ತದೆ. ಈ ಫಲಕಗಳಲ್ಲಿ ಅದನ್ನು 85,000ಕ್ಕೆ ಏರಿಸುತ್ತಾರೆ.

ತತ್ತ್ವ ಹಳೆಯದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿಗಳನ್ನು ಸುತ್ತಿ ಮುಳ್ಳಿನ ಅಲುಗಾಟವನ್ನು ಕಂಡುದು 1831ರಲ್ಲಿ. ಗಾಡಿಗೆ ಇದನ್ನು ಅನ್ವಯಿಸುವ ಯೋಚನೆಯೂ ಹೊಸದಲ್ಲ. ಯೂತಾಂ ಮತ್ತು ಲೆಬ್ಲಾಂ ಎಂಬ ಇಬ್ಬರು ಫ್ರೆಂಚ್ ಯಂತ್ರಜ್ಞರು ಹಳಿಯುದ್ದಕ್ಕೂ ನೆಲದಲ್ಲಿ ವಾಹಕವನ್ನು ಹೂತು ಮೇಲಿನ ಗಾಡಿಗೆ ಪ್ರೇರಣೆಯಿಂದ ವಿದ್ಯುತ್ತು ಕೊಡುವ ಕ್ರಮಕ್ಕೆ ಅಮೆರಿಕದಲ್ಲಿ ಪೇಟೆಂಟು ಪಡೆದುದು 1894ರಲ್ಲಿ. ಡೆಟ್ರಾಯಿಟಿನ ಬೀದಿಯಲ್ಲಿ ನಡೆದಿರುವುದು ಬಹುಮಟ್ಟಿಗೆ ಅದೇ. ನಿಕೋಲಾ ಟೆಸ್ಲಾನ ಕನಸು ಇನ್ನೂ ದೊಡ್ಡದು. ತಂತಿಯ ಹಂಗಿಲ್ಲದೆ ದೂರದೂರಕ್ಕೆ ಶಕ್ತಿಯನ್ನು ಕಳುಹಿಸಬೇಕೆಂದು ಆತ 1901ರಲ್ಲಿ ನ್ಯೂಯಾರ್ಕಿನ ಸಮೀಪದ ಲಾಂಗ್ ಐಲೆಂಡಿನಲ್ಲಿ ಗೋಪುರವೊಂದನ್ನು ಕಟ್ಟತೊಡಗಿದನು. ಹಣ ಕೊಟ್ಟಿದ್ದ ಸಾಹುಕಾರರು ಕೈಬಿಟ್ಟರು. 1917ರಲ್ಲಿ ಗೋಪುರವನ್ನು ಕೆಡವಲಾಯಿತು. ಪ್ರೇರಣೆ ದೂರವನ್ನು ಸಹಿಸುವುದಿಲ್ಲವೆಂಬ ಪಾಠವನ್ನು ಅನಂತರದವರು ಕಲಿತರು.

ಈ ಚರಿತ್ರೆಯಲ್ಲಿ ನಾವು ಗಮನವಿಟ್ಟು ಓದಬೇಕಾದ ಅಧ್ಯಾಯ 1996ರದು. ಆ ವರ್ಷ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು ಇವಿ-1 ಎಂಬ ವಿದ್ಯುತ್ ಕಾರನ್ನು ಹೊರತಂದಿತು. ಅದಕ್ಕೆ ಚಾರ್ಜು ತುಂಬುತ್ತಿದ್ದುದು ಪ್ರೇರಣೆಯಿಂದಲೇ. ಪ್ಲಾಸ್ಟಿಕ್ಕಿನ ಹೊದಿಕೆಯ ಚಪ್ಪಟೆ ಹುಟ್ಟಿನಂತಹ ಸಾಧನವೊಂದನ್ನು ಕಾರಿನ ಮೂತಿಯ ಸೀಳಿನೊಳಗೆ ತೂರಿಸಬೇಕಾಗಿದ್ದಿತು. ಲೋಹಕ್ಕೆ ಲೋಹ ತಾಗುತ್ತಿರಲಿಲ್ಲವಾದುದರಿಂದ ಮಳೆಯಲ್ಲಿಯೂ ಭಯವಿರಲಿಲ್ಲ. ಟೊಯೋಟಾ, ನಿಸ್ಸಾನ್ ಕಂಪನಿಗಳೂ ಆ ಪಕ್ಷವನ್ನೇ ಹಿಡಿದವು. ಫೋರ್ಡ್, ಹೊಂಡಾ ಕಂಪನಿಗಳು ಲೋಹದ ಪ್ಲಗ್ಗೇ ಸಾಕೆಂದವು. ಹೀಗೆ ಒಂದೇ ರಾಜ್ಯದಲ್ಲಿ ಎರಡು ಬಗೆಯ ಚಾರ್ಜುಕಟ್ಟೆಗಳು ಎದ್ದವು. ಒಂದಕ್ಕೆ ಬಂದ ಕಾರು ಇನ್ನೊಂದರಲ್ಲಿ ಹಸಿದು ನಿಲ್ಲಬೇಕಾಯಿತು. ಕೊನೆಗೆ 2001ರಲ್ಲಿ ಕ್ಯಾಲಿಫೋರ್ನಿಯದ ವಾಯುಸಂಪನ್ಮೂಲ ಮಂಡಲಿಯು ಪ್ಲಗ್ಗಿನ ಪಕ್ಷಕ್ಕೆ ತೀರ್ಪು ಕೊಟ್ಟಿತು. ಪ್ರೇರಣೆಯ ಚಾರ್ಜುಕಟ್ಟೆಗಳು ಬೇಡವಾದವು. ಅಲ್ಲಿ ಸೋತುದು ಫ್ಯಾರಡೆಯ ನಿಯಮವಲ್ಲ. ವ್ಯಾಪಾರಿಗಳು ಒಂದು ಅಳತೆಗೆ ಒಪ್ಪಲಿಲ್ಲ, ಅಷ್ಟೆ.

ಅಳತೆಯ ಮಾತು ಬಂದಾಗ ನನಗೆ ಬೆಂಗಳೂರಿನ ರೈಲುನಿಲ್ದಾಣದ ನೆನಪಾಗುತ್ತದೆ. ಮದರಾಸಿನಿಂದ ಬಂದ ದೊಡ್ಡ ಗೇಜಿನ ಗಾಡಿ ಬೆಂಗಳೂರಿಗೆ ನಿಲ್ಲುತ್ತಿದ್ದಿತು. ಮೈಸೂರಿನ ಕಡೆಗೆ ಹೋಗುವುದು ಮೀಟರ್ ಗೇಜು. ದಶಕಗಳ ಕಾಲ ಪ್ರಯಾಣಿಕರು ಹಾಸಿಗೆ, ಟ್ರಂಕುಗಳನ್ನು ಹೊತ್ತು ಒಂದು ಗಾಡಿಯಿಂದ ಇನ್ನೊಂದಕ್ಕೆ ಓಡಿದರು. ಮೂಟೆಗಳನ್ನು ಕೂಲಿಗಳು ಇಳಿಸಿ ಮತ್ತೆ ಏರಿಸಿದರು. ಎರಡೂ ಕಬ್ಬಿಣದ ಹಳಿಗಳೇ, ಎರಡೂ ಉಗಿಯ ಯಂತ್ರಗಳೇ. ಮೊದಲು ಹಳಿ ಹಾಕಿದವರು ಒಂದು ಅಳತೆಗೆ ಒಪ್ಪದಿದ್ದುದಕ್ಕೆ ಮೂರು ನಾಲ್ಕು ತಲೆಮಾರುಗಳು ಬೆನ್ನು ಬಗ್ಗಿಸಿ ದಂಡ ತೆರಬೇಕಾಯಿತು. ನೆಲದಲ್ಲಿ ಹೂತ ವಸ್ತುವಿನ ಗುಣವೇ ಇದು: ತಪ್ಪನ್ನು ತಿದ್ದಬೇಕಾದರೆ ನೆಲವನ್ನೇ ಅಗೆಯಬೇಕು.

ಹಾಗಾದರೆ ಈಗ ಬದಲಾದುದೇನು? ಎರಡು ಸಂಗತಿಗಳು. ಮೊದಲನೆಯದು ವಿಜ್ಞಾನದ ಪಾಲಿನದು. 2007ರಲ್ಲಿ ಅಮೆರಿಕದ ಮೆಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಮರಿನ್ ಸೊಲ್ಯಾಚಿಚ್ ಮತ್ತು ಅವರ ಸಂಗಡಿಗರು ಎರಡು ಮೀಟರು ಆಚೆಯಿದ್ದ 60 ವಾಟಿನ ದೀಪವನ್ನು ಅನುರಣನದಿಂದ ಬೆಳಗಿಸಿದರು. ಹೊರಟ ಶಕ್ತಿಯಲ್ಲಿ ತಲುಪಿದುದು ನೂರಕ್ಕೆ 40ರಷ್ಟು ಮಾತ್ರ. ಆದರೂ ಅದು ಹೊಸ ಹುರುಪನ್ನು ಹುಟ್ಟಿಸಿತು. ದೂರವನ್ನು ತಗ್ಗಿಸಿದಂತೆ ನಷ್ಟವೂ ತಗ್ಗಿತು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು 2018ರಲ್ಲಿ ಆರು ಅಂಗುಲ ಗಾಳಿಯ ಮೂಲಕ 120 ಕಿಲೋವಾಟನ್ನು ನೂರಕ್ಕೆ 97ರ ದಕ್ಷತೆಯಿಂದ ದಾಟಿಸಿದರು; 2024ರಲ್ಲಿ ಒಂದು ಕಾರಿಗೆ 270 ಕಿಲೋವಾಟಿನವರೆಗೆ ಮುಟ್ಟಿಸಿದರು. ಎರಡನೆಯದು ವ್ಯವಹಾರದ ಪಾಲಿನದು. ಎಸ್.ಎ.ಇ. ಎಂಬ ಯಂತ್ರಜ್ಞರ ಸಂಸ್ಥೆಯು 2020ರಲ್ಲಿ ಜೆ-2954 ಎಂಬ ಮಾನಕವನ್ನು ಪ್ರಕಟಿಸಿ, ನಿಂತ ಕಾರಿಗೆ 11 ಕಿಲೋವಾಟಿನವರೆಗೆ ಯಾವ ಆವರ್ತದಲ್ಲಿ, ಎಷ್ಟು ಅಂತರದಲ್ಲಿ, ಹೇಗೆ ವಿದ್ಯುತ್ತು ಕೊಡಬೇಕೆಂಬುದನ್ನು ಗೊತ್ತುಮಾಡಿತು. 1996ರಲ್ಲಿ ಕಾಣದಿದ್ದ ಒಪ್ಪಂದ ಇಪ್ಪತ್ತನಾಲ್ಕು ವರ್ಷಗಳ ಮೇಲೆ ಕಾಗದದ ಮೇಲಾದರೂ ಮೂಡಿತು. ಪ್ರಯೋಗಾಲಯದ ದಾಖಲೆಗಿಂತ ಈ ಕಾಗದವೇ ಹೆಚ್ಚಿನದೆಂದು ನನ್ನ ಭಾವನೆ.

ದೋಷಗಳನ್ನೂ ಮುಚ್ಚುಮರೆಯಿಲ್ಲದೆ ಎಣಿಸಬೇಕು. ಪೋರ್ಷೆಯವರೇ ತಮ್ಮ ಫಲಕಕ್ಕೆ ಹೇಳಿಕೊಂಡಿರುವ ದಕ್ಷತೆ ನೂರಕ್ಕೆ 90ರವರೆಗೆ. ಪ್ಲಗ್ಗಿನಿಂದ ತುಂಬುವಾಗಲೂ ಕಾರಿನೊಳಗಿನ ಯಂತ್ರದಲ್ಲಿ ಒಂದಿಷ್ಟು ಸೋರಿಹೋಗುವುದರಿಂದ, ಈ ಹತ್ತನ್ನೂ ಹೊಸ ವಿಧಾನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೆಚ್ಚಿನ ನಷ್ಟ ನೂರಕ್ಕೆ ಐದೆಂದು ಲೆಕ್ಕಕ್ಕಾಗಿ ಹಿಡಿಯೋಣ. ವರ್ಷಕ್ಕೆ ಎರಡು ಸಾವಿರ ಯೂನಿಟ್ಟು ಉಣ್ಣುವ ಕಾರಿಗೆ ಅದು ನೂರು ಯೂನಿಟ್ಟು. ಯಜಮಾನನಿಗೆ ಅದರ ಬಿಸಿ ತಟ್ಟಲಾರದು. ಅಂಥ ಹತ್ತು ಲಕ್ಷ ಕಾರುಗಳಾದರೆ ಹತ್ತು ಕೋಟಿ ಯೂನಿಟ್ಟು. ಒಂದು ಮನೆಯ ಸೌಕರ್ಯವೆಂದು ಕಂಡುದು ದೇಶದ ಲೆಕ್ಕದಲ್ಲಿ ನೀರೋ ಕಲ್ಲಿದ್ದಲೋ ಆಗಿ ತೋರುತ್ತದೆ. ಕಾರು ಫಲಕದ ಮೇಲೆ ಓರೆಯಾಗಿ ನಿಂತರೆ ನಷ್ಟ ಇನ್ನೂ ಹೆಚ್ಚುತ್ತದೆ.

ಅಪಾಯದ ಮಾತೂ ಉಂಟು. ಫಲಕದ ಮೇಲೆ ಬಿದ್ದ ನಾಣ್ಯವೋ ಡಬ್ಬಿಯ ಮುಚ್ಚಳವೋ ಇಂಡಕ್ಷನ್ ಒಲೆಯ ಮೇಲಿನ ಪಾತ್ರೆಯಂತೆ ಕಾಯತೊಡಗುತ್ತದೆ. ಬೆಚ್ಚನೆಯ ಜಾಗವೆಂದು ಬೆಕ್ಕು ಕಾರಿನ ಕೆಳಗೆ ಸೇರುವುದೂ ಅಪೂರ್ವವಲ್ಲ. ಆದುದರಿಂದ ಲೋಹವನ್ನೂ ಪ್ರಾಣಿಯನ್ನೂ ಗುರುತಿಸಿ ತಾನಾಗಿಯೇ ಆರಿಹೋಗುವ ಕಾವಲು ಈ ಫಲಕಗಳಿಗೆ ಅಗತ್ಯ. ಮನುಷ್ಯನ ಮೈಮೇಲೆ ಬೀಳಬಹುದಾದ ಕಾಂತಕ್ಷೇತ್ರಕ್ಕೆ ಅಂತರರಾಷ್ಟ್ರೀಯ ತಜ್ಞಮಂಡಲಿಯೊಂದು 2010ರಲ್ಲಿ 27 ಮೈಕ್ರೊಟೆಸ್ಲಾ ಎಂಬ ಮಿತಿಯನ್ನು ಸೂಚಿಸಿದೆ. ಕಾರಿನ ಪಕ್ಕದಲ್ಲಿ ನಿಂತವರಿಗೆ ಆ ಮಿತಿ ಮೀರದಂತೆ ಫಲಕವನ್ನು ಕಟ್ಟಲು ಸಾಧ್ಯ. ಎದೆಯಲ್ಲಿ ಪೇಸ್‌ಮೇಕರ್ ಇರಿಸಿಕೊಂಡವರ ವಿಷಯದಲ್ಲಿ ಇನ್ನೂ ಬಿಗಿಯಾದ ಎಚ್ಚರ ಬೇಕು. ಇವು ಬಗೆಹರಿಯದ ತೊಡಕುಗಳಲ್ಲ. ಆದರೆ ಪರೀಕ್ಷಿಸದ ಅಗ್ಗದ ಮಾಲು ಪೇಟೆಗೆ ನುಗ್ಗಿದರೆ ತೊಡಕೇ ಅಪಾಯವಾದೀತು.

ಇನ್ನು ಯಾರಿಗಾಗಿ ಎಂಬ ಪ್ರಶ್ನೆ. ಹೊಸ ಫಲಕ ಮೊದಲು ಸೇರುವುದು ಯಾರ ಮನೆಯನ್ನು? ಸ್ವಂತ ಗ್ಯಾರೇಜು ಉಳ್ಳವರ ಮನೆಯನ್ನು. ಅಂಥವರಿಗೆ ಪ್ಲಗ್ಗು ಎಂದೂ ದೊಡ್ಡ ಕಷ್ಟವಾಗಿರಲಿಲ್ಲ. ರಾತ್ರಿ ಚುಚ್ಚಿ ಬೆಳಗ್ಗೆ ತೆಗೆದರಾಯಿತು. ಕಾರು ನಿಲ್ಲಿಸಲು ಬೀದಿಯೊಂದೇ ಗತಿಯಾದವನಿಗೆ ಗ್ಯಾರೇಜಿನ ಫಲಕದಿಂದ ಬಂದುದೇನೂ ಇಲ್ಲ. ಸೌಕರ್ಯವುಳ್ಳವರಿಗೆ ಇನ್ನಷ್ಟು ಸೌಕರ್ಯವನ್ನು ಕೊಡುವುದಷ್ಟೇ ಇದರ ಫಲವಾದರೆ, ಅವರು ತಮ್ಮ ಹಣದಿಂದ ಕೊಂಡುಕೊಳ್ಳಲಿ. ಸರಕಾರದ ಬೊಕ್ಕಸಕ್ಕೆ ಅದರ ಗೊಡವೆ ಬೇಡ.

ಹೀಗೆಂದು ನಾನು ವಾದವನ್ನು ಮುಗಿಸಿಬಿಡುತ್ತಿದ್ದೆನೋ ಏನೋ, ನನಗೆ ಪರಿಚಿತರಾದ ನಿವೃತ್ತ ಅಧ್ಯಾಪಿಕೆಯೊಬ್ಬರ ಮಾತು ನನ್ನನ್ನು ತಡೆಯಿತು. ಅವರಿಗೆ ಸಂಧಿವಾತ, ಬೆರಳುಗಳು ಸೊಟ್ಟಗಾಗಿವೆ. ವಿದ್ಯುತ್ ಕಾರು ಕೊಂಡುದು, ಗೇರು ಬದಲಿಸುವ ಶ್ರಮವಿಲ್ಲವೆಂದು. ಕಾರನ್ನು ಸೊಗಸಾಗಿ ನಡೆಸುತ್ತಾರೆ. ಆದರೆ ಸಾರ್ವಜನಿಕ ಚಾರ್ಜುಕಟ್ಟೆಯ ದಪ್ಪ ಕೇಬಲನ್ನು ಎತ್ತಿ, ತಿರುಚಿ, ಒತ್ತಿ ಕೂರಿಸುವ ಶಕ್ತಿ ಆ ಕೈಗಳಲ್ಲಿಲ್ಲ. "ಕಾರು ನಡೆಸುವುದಕ್ಕೆ ನನಗೆ ಯಾರೂ ಬೇಡ. ಅದಕ್ಕೆ ಊಟ ಹಾಕಿಸಬೇಕಾದರೆ ಮಾತ್ರ ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯಬೇಕು ನೋಡಿ" ಎಂದು ಅವರು ನಗುತ್ತಲೇ ಹೇಳಿದರು. ಆ ನಗೆ ನನಗೆ ಹಿತವೆನಿಸಲಿಲ್ಲ. ನಾನು ಸೌಕರ್ಯವೆಂದು ಹಗುರಾಗಿ ನೂಕಿದುದು ಅವರ ಪಾಲಿಗೆ ಸ್ವಾತಂತ್ರ್ಯವಾಗಿದ್ದಿತು. ಈ ಕಷ್ಟ ಅವರೊಬ್ಬರದೇ ಅಲ್ಲ. ಚಾರ್ಜುಕಟ್ಟೆಗಳು ಅಂಗವಿಕಲರಿಗೂ ನಿಲುಕುವಂತಿರಬೇಕೆಂದು ಬ್ರಿಟನ್ನಿನಲ್ಲಿ 2022ರಲ್ಲಿ ಅಲ್ಲಿನ ಮಾನಕ ಸಂಸ್ಥೆಯು ಪ್ರತ್ಯೇಕ ಮಾನಕವನ್ನೇ ಪ್ರಕಟಿಸಬೇಕಾಯಿತು. ಆಸ್ಪತ್ರೆ, ಗ್ರಂಥಾಲಯ, ಅಂಚೆಕಚೇರಿಗಳ ಮುಂದೆ ಇಂಥವರಿಗಾಗಿ ಒಂದೆರಡು ಫಲಕಗಳನ್ನು ಹಾಸುವುದಕ್ಕೆ ಸಾರ್ವಜನಿಕ ಹಣ ವೆಚ್ಚವಾದರೆ ಅದನ್ನು ದುಂದೆನ್ನುವ ಧೈರ್ಯ ನನಗಿಲ್ಲ.

ಎರಡನೆಯ ಹಕ್ಕುದಾರ ಬಸ್ಸು. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಪಟ್ಟಣದಲ್ಲಿ 2014ರಲ್ಲಿ ಏಳನೆಯ ನಂಬರಿನ ಮಾರ್ಗಕ್ಕೆ ಎಂಟು ವಿದ್ಯುತ್ ಬಸ್ಸುಗಳನ್ನು ಬಿಟ್ಟು, ಮಾರ್ಗದ ತುದಿಗಳಲ್ಲಿ ನೆಲದ ಫಲಕಗಳನ್ನು ಇರಿಸಿದರು. ಚಾಲಕ ಸ್ವಲ್ಪ ಹೊತ್ತು ಬಿಡುವು ಪಡೆಯುವ ಆ ಗಳಿಗೆಯಲ್ಲಿಯೇ ಬಸ್ಸೂ ಒಂದು ಗುಟುಕು ಕುಡಿಯುತ್ತಿದ್ದಿತು. ಇದರಲ್ಲಿ ಒಂದು ಸೂಕ್ಷ್ಮವಿದೆ. ದಿನಕ್ಕೆ ಒಂದೇ ಸಲ ಉಣ್ಣುವವನಿಗೆ ದೊಡ್ಡ ಬುತ್ತಿ ಬೇಕು. ದಾರಿಯುದ್ದಕ್ಕೂ ಅನ್ನಛತ್ರಗಳಿದ್ದರೆ ಸಣ್ಣ ಗಂಟು ಸಾಕು. ಬ್ಯಾಟರಿ ಸಣ್ಣದಾದರೆ ಬಸ್ಸಿನ ತೂಕ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಪ್ರೇರಣೆಯಲ್ಲಿ ಕಳೆದ ನೂರಕ್ಕೆ ಐದನ್ನು ತೂಕದಲ್ಲಿ ಒಂದಿಷ್ಟು ಮರಳಿ ಗಳಿಸಬಹುದು. ಬಸ್ಸಿನ ಮಾರ್ಗವೂ ವೇಳೆಯೂ ಗೊತ್ತಿರುವುದರಿಂದ ಫಲಕ ಬರಿದೆ ಬಿದ್ದಿರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ವೆಚ್ಚವಾದ ಹಣದ ಫಲವನ್ನು ಉಣ್ಣುವವರು ಕಾರಿಲ್ಲದವರು.

ಓಡುವ ಗಾಡಿಗೆ ರಸ್ತೆಯಿಂದಲೇ ಉಣಿಸುವ ಯೋಜನೆ ಇದೇ ತರ್ಕದ ಕೊನೆಯ ಮೆಟ್ಟಿಲು. ದಕ್ಷಿಣ ಕೊರಿಯದ ಗೂಮಿ ನಗರದಲ್ಲಿ 2013ರಲ್ಲಿಯೇ 24 ಕಿಲೋಮೀಟರು ಮಾರ್ಗದ ಮೇಲೆ ಇಂಥ ಬಸ್ಸುಗಳು ಓಡಿದವು. ರಸ್ತೆಯ ಅಲ್ಪಭಾಗದಲ್ಲಿ ಮಾತ್ರ ಸುರುಳಿಗಳಿದ್ದವು. ಬಸ್ಸು ಮೇಲೆ ಬಂದಾಗ ಮಾತ್ರ ಅವುಗಳಿಗೆ ಜೀವ ಬರುತ್ತಿದ್ದಿತು. ಫ್ರಾನ್ಸಿನಲ್ಲಿ ಪ್ಯಾರಿಸ್ಸಿನ ನೈಋತ್ಯಕ್ಕೆ ಎ-10 ಹೆದ್ದಾರಿಯ ಒಂದೂವರೆ ಕಿಲೋಮೀಟರಿನಲ್ಲಿ 2025ರಲ್ಲಿ ಲಾರಿ, ಬಸ್ಸು, ಕಾರುಗಳನ್ನು ಓಡಿಸಿ ಪರೀಕ್ಷಿಸಿದರು. ಇವೆಲ್ಲ ನಡೆಯುತ್ತವೆಂಬುದು ಸಿದ್ಧವಾಗಿದೆ. ನಡೆಸಿಕೊಂಡು ಹೋಗುವುದು ಬೇರೆಯ ಮಾತು. ಸ್ವೀಡನ್ ದೇಶದ ಸಾರಿಗೆ ಆಡಳಿತವು ಇ-20 ಹೆದ್ದಾರಿಯ ಸುಮಾರು 21 ಕಿಲೋಮೀಟರನ್ನು ಓಡುವ ಗಾಡಿಗೆ ಚಾರ್ಜು ಕೊಡುವ ಶಾಶ್ವತ ರಸ್ತೆಯನ್ನಾಗಿ ಮಾಡಹೊರಟು, ಬಂದ ಟೆಂಡರುಗಳ ಮೊತ್ತ ಕೈಮೀರಿತೆಂದು 2023ರಲ್ಲಿ ಅವನ್ನು ರದ್ದುಮಾಡಿತು. ಸಂಪನ್ನ ದೇಶವೊಂದು ಹಿಂಜರಿದ ಕಡೆ ನಾವು ಮುನ್ನುಗ್ಗುವುದು ಶೌರ್ಯವೆನಿಸಲಾರದು. ಒಂದು ಸಲ ಟಾರು ಹಾಕಿದ ರಸ್ತೆಯನ್ನು ನೀರಿನವರು ಒಮ್ಮೆ, ಒಳಚರಂಡಿಯವರು ಒಮ್ಮೆ, ಟೆಲಿಫೋನಿನವರು ಒಮ್ಮೆ ಅಗೆಯುವುದನ್ನು ದಿನವೂ ಕಾಣುವ ನಮಗೆ, ಅದರ ಒಡಲಿನಲ್ಲಿ ತಾಮ್ರವನ್ನು ಹೂಳುವ ಮುನ್ನ ಏನನ್ನು ಯೋಚಿಸಬೇಕೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮೂರನೆಯ ಹಕ್ಕುದಾರನೊಬ್ಬನು ಮರೆಯಲ್ಲಿ ನಿಂತಿದ್ದಾನೆ. 2024ರ ಅಕ್ಟೋಬರಿನಲ್ಲಿ ಟೆಸ್ಲಾ ಕಂಪನಿಯು ಚಾಲಕನಿಲ್ಲದ ಟ್ಯಾಕ್ಸಿಯೊಂದನ್ನು ಪ್ರದರ್ಶಿಸಿದಾಗ, ಅದಕ್ಕೆ ಚಾರ್ಜು ತುಂಬುವುದು ಪ್ರೇರಣೆಯಿಂದ ಎಂದು ಸಾರಿತು. ಇದು ಸಹಜವೇ. ಗಾಡಿಯಲ್ಲಿ ಮನುಷ್ಯನಿಲ್ಲದಿದ್ದರೆ ಪ್ಲಗ್ಗು ಚುಚ್ಚುವವರು ಯಾರು? ಹೀಗೆ ನೋಡಿದರೆ ಕೈಲಾಗದ ಅಧ್ಯಾಪಿಕೆಗೂ ಕೈಯೇ ಇಲ್ಲದ ಯಂತ್ರಕ್ಕೂ ಬೇಕಾದುದು ಒಂದೇ ಫಲಕ. ಬಂಡವಾಳವು ಯಾರ ಅಗತ್ಯವನ್ನು ಮೊದಲು ಕಾಣುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅದಕ್ಕಾಗಿಯೇ ನಗರಸಭೆಗಳೂ ಸರಕಾರಗಳೂ ಇನ್ನೊಬ್ಬರ ಅಗತ್ಯವನ್ನು ನೆನಪಿಡಬೇಕು.

ನಮ್ಮ ದೇಶದಲ್ಲಿಯೂ ಕೆಲಸ ನಡೆದಿದೆ. ನಮ್ಮ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ನಾಗಪುರದ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯೂ ತಿರುವನಂತಪುರದ ಸಿ-ಡ್ಯಾಕ್ ಕೇಂದ್ರವೂ ಕೂಡಿ ಒಂದೂವರೆ ಕಿಲೋವಾಟಿನ ತಂತಿಯಿಲ್ಲದ ಚಾರ್ಜರನ್ನು ರಚಿಸಿವೆ; 2025ರಲ್ಲಿ ಅದರ ತಂತ್ರಜ್ಞಾನವನ್ನು ತಯಾರಿಕೆಗೆ ಒಪ್ಪಿಸಲಾಯಿತು. ಇದು ದೊಡ್ಡ ಕಾರಿನ ಫಲಕವಲ್ಲ. ಸಣ್ಣ ಗಾಡಿಗಳ ಅಳತೆಯದು. ನನಗೆ ಮೆಚ್ಚಿಕೆಯಾದುದು ಅದೇ. ನಮ್ಮ ಬೀದಿಗಳಲ್ಲಿ ವಿದ್ಯುತ್ತಿನಿಂದ ಓಡುವವುಗಳಲ್ಲಿ ಬಹುಪಾಲು ಎರಡು, ಮೂರು ಚಕ್ರದವು. ಸರದಿಗಾಗಿ ಕಾಯುವ ಆಟೋರಿಕ್ಷಾ ನಿಲ್ದಾಣದ ಸಾಲಿನಲ್ಲಿ ಇಂಥ ಫಲಕಗಳಿದ್ದರೆ, ಬಾಡಿಗೆಗೆ ಕಾಯುವ ಹೊತ್ತು ಚಾಲಕನಿಗೆ ವ್ಯರ್ಥವಾಗುವುದಿಲ್ಲ. ಬೆಂಗಳೂರಿನ ವಿದ್ಯುತ್ ಬಸ್ಸುಗಳು ಇಂದು ಡಿಪೋಗಳಲ್ಲಿ ಪ್ಲಗ್ಗಿನಿಂದ ಚಾರ್ಜು ತುಂಬಿಕೊಳ್ಳುತ್ತವೆ. ಮಾರ್ಗದ ತುದಿಗಳಲ್ಲಿ ಫಲಕವಿರಿಸಿದರೆ ಲಾಭವೋ ನಷ್ಟವೋ ಎಂಬುದನ್ನು ಒಂದು ಮಾರ್ಗದಲ್ಲಿ ಪರೀಕ್ಷಿಸಿ ನೋಡಬಹುದು.

ನನ್ನ ಮತವನ್ನು ಸಂಗ್ರಹಿಸಿ ಹೇಳುವುದಾದರೆ ಇಷ್ಟು: ಮೊದಲು ದೇಶಕ್ಕೆಲ್ಲ ಒಂದೇ ಅಳತೆ ಗೊತ್ತಾಗಲಿ, ಆಮೇಲೆ ಬಸ್ಸಿನ ಕೊನೆಯ ನಿಲ್ದಾಣ, ಆಟೋ ಸಾಲು, ಅಶಕ್ತರ ತಾಣ ಇವುಗಳಿಗೆ ಸಾರ್ವಜನಿಕ ಹಣ ಸಲ್ಲಲಿ, ಗ್ಯಾರೇಜಿನ ಫಲಕವನ್ನು ಗ್ಯಾರೇಜಿನ ಯಜಮಾನನೇ ಕೊಳ್ಳಲಿ, ಹೆದ್ದಾರಿಯ ಕನಸು ಇನ್ನೂ ಕೆಲವು ಕಾಲ ಪ್ರಯೋಗವಾಗಿಯೇ ಇರಲಿ.

ಎರಡು ಸುರುಳಿಗಳ ನಡುವೆ ಏನೂ ಇಲ್ಲವೆಂದು ನಮ್ಮ ಉಪಾಧ್ಯಾಯರು ಕಾಗದದ ಹಾಳೆಯನ್ನು ಆಡಿಸಿ ತೋರಿಸಿದ್ದರು. ಪ್ರಯೋಗಶಾಲೆಯ ಮೇಜಿನ ಮೇಲೆ ಅದು ನಿಜವಾಗಿದ್ದಿತು. ಅದೇ ಸುರುಳಿಗಳು ಬೀದಿಗೆ ಬಂದಾಗ ನಡುವೆ ಅಳತೆಯುಂಟು, ಬೆಲೆಯುಂಟು, ಅಗೆದ ರಸ್ತೆಯುಂಟು, ಮಳೆಯಲ್ಲಿ ಕೇಬಲನ್ನು ಹಿಡಿದು ನಿಂತ ಒಬ್ಬ ವೃದ್ಧೆಯುಂಟು. ಆ ನಿವೃತ್ತ ಅಧ್ಯಾಪಿಕೆ ದಾರಿಹೋಕರನ್ನು ಕರೆಯದೆ ಮನೆಗೆ ಮರಳುವ ದಿನ ಬಂದರೆ, ಮುಳ್ಳಿನ ಅಲುಗಾಟವನ್ನು ಅಂದು ನಾವು ನೋಡಿದ್ದುದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.